ಕಿಲುಬು ಹಿಡಿದ ತಂತಿ

ಬೀದಿದೀಪಗಳು ಇನ್ನೂ ಆರಿಲ್ಲ. ಬೆಳಗಿನ ಪಾಳಿಗೆ ಹೊರಟ ನರ್ಸ್ ಒಬ್ಬರು ತಮ್ಮ ಹಳೆಯ ಕಾರಿನಲ್ಲಿ ಕುಳಿತು ಕೀ ತಿರುಗಿಸುತ್ತಾರೆ. ‘ಟಕ್’ ಎಂಬ ಒಂದೇ ಸದ್ದು, ಎಂಜಿನ್ ಮಿಸುಕುವುದಿಲ್ಲ. ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತ ಹೆಂಗಸು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡೇ ‘ಇನ್ನೊಮ್ಮೆ’ ಎಂದು ಸನ್ನೆ ಮಾಡುತ್ತಾರೆ. ಅವರ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲಿದೆ, ಇನ್ನೊಂದು ಎಂಜಿನ್ನಿನ ಮೈಮೇಲೆ. ಮತ್ತೆ ಟಕ್. ಮುಳ್ಳು ಕದಲುವುದಿಲ್ಲ.

“ಮುಳ್ಳು ಅಲ್ಲಾಡಲಿಲ್ಲ, ಅಂದ್ರೆ ಬ್ಯಾಟರಿಯಿಂದ ಎಂಜಿನ್ನಿಗೆ ಬರೋ ಅರ್ತಿಂಗ್ ವೈರ್ ಸರಿಯಾಗಿದೆ ಸಿಸ್ಟರ್. ಎಂಜಿನ್ ತಿರುಗಿಸೋ ಸೆಲ್ಫ್ ಮೋಟರ್ ಮೇಲೆ ಒಂದು ಸ್ವಿಚ್ ಇರುತ್ತೆ, ಅದು ಮೊಂಡಾಟ ಮಾಡ್ತಿದೆ,” ಎನ್ನುತ್ತಾರೆ. ಸ್ಪ್ಯಾನರಿನಿಂದ ಮೆಲ್ಲಗೆ ಎರಡು ಏಟು. ಈ ಸಲ ಎಂಜಿನ್ ಹತ್ತಿಕೊಳ್ಳುತ್ತದೆ. “ಇದು ಸದ್ಯದ ಸಮಾಧಾನ ಅಷ್ಟೇ. ಡ್ಯೂಟಿ ಮುಗಿಸ್ಕೊಂಡು ಸೀದಾ ಅಂಗಡಿಗೆ ತನ್ನಿ. ನಾಳೆ ನೋಡೋಣ ಅನ್ಬೇಡಿ.”

ಇವರನ್ನು ಸುತ್ತಲಿನವರೆಲ್ಲ ಕರೆಯುವುದು ಬ್ಯಾಟರಿ ಅಕ್ಕ ಎಂದು. ಹೊಲಿಗೆ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಒತ್ತಿಕೊಂಡಿರುವ ಅವರ ಶೆಡ್ಡಿನಲ್ಲಿ ಒಂದು ಕಾರು ನಿಂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ದಿನಕ್ಕೆ ನಾಲ್ಕೈದು ಗಾಡಿ ಬರುತ್ತವೆ, ಹೆಚ್ಚಿನವು ಮುದಿಯಾದವು. ಕೆಲಸ ಕಲಿಸಿದ್ದು ಮಾವ. ಅವರ ಕಣ್ಣು ಮಂಜಾದಾಗ ಅಂಗಡಿ ಮುಚ್ಚುವ ಮಾತು ಬಂತು. ಸೊಸೆ ಒಪ್ಪಲಿಲ್ಲ. “ಅವ್ರು ಸ್ಟೂಲ್ ಮೇಲೆ ಕೂತು ಹೇಳೋರು, ನಾನು ನೋಡಿ ಮಾಡ್ತಿದ್ದೆ. ಆರು ವರ್ಷ ಇಬ್ರೂ ಸೇರಿ ಒಬ್ಬ ಮೆಕ್ಯಾನಿಕ್,” ಎಂದು ನಗುತ್ತಾರೆ.

ಮಾವ ಈಗಿಲ್ಲ. ಅವರಿದ್ದಿದ್ದರೆ ಪೋಸ್ಟ್ ಅಜ್ಜನ ಗಾಡಿ ಉಳಿಯುತ್ತಿತ್ತು ಎಂಬ ಕೊರಗು ಅಕ್ಕನಿಗೆ ಹೋಗಿಲ್ಲ.

ಅಂಚೆ ಹಂಚುತ್ತ ಜೀವಮಾನವಿಡೀ ಸೈಕಲ್ ತುಳಿದ ಆ ಅಜ್ಜ, ನಿವೃತ್ತರಾದ ಮೇಲೆ ಹಳೆಯದೊಂದು ಕಾರು ಕೊಂಡಿದ್ದರು. ಅಜ್ಜಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಊರಾಚೆ ಇರುವ ಅಜ್ಜಿಯ ತಂಗಿಗೆ ಕಿವಿ ಮಂದ, ಫೋನಿನ ಮಾತು ಕೇಳಿಸದು. ಹಾಗಾಗಿ ಭಾನುವಾರ ಬಂತೆಂದರೆ ಅಜ್ಜ ಕಾರು ತೆಗೆಯಬೇಕು, ಅಕ್ಕತಂಗಿಯರು ಎದುರುಬದುರು ಕೂತು ಹರಟಬೇಕು.

ಆ ಕಾರು ಒಮ್ಮೆ ಹೊರಡುತ್ತಿತ್ತು, ಇನ್ನೊಮ್ಮೆ ಕೈಕೊಡುತ್ತಿತ್ತು. ಬ್ಯಾಟರಿ ಅಕ್ಕ ಬ್ಯಾಟರಿ ಬದಲಿಸಿದರು, ಸೆಲ್ಫ್ ಬಿಚ್ಚಿ ಕಟ್ಟಿದರು, ಕೀ ಸ್ವಿಚ್ಚನ್ನೂ ಹೊಸದು ಹಾಕಿದರು. ಅರ್ತಿಂಗ್ ವೈರನ್ನು ಕೀ ತಿರುಗಿಸದೆಯೇ ಮೀಟರಿಟ್ಟು ನೋಡಿದರು. ಸರಿಯಾಗಿದೆ ಎಂದೇ ತೋರಿಸಿತು. ಮತ್ತೊಂದು ಭಾನುವಾರ ಅಜ್ಜಿ ಸೀರೆಯುಟ್ಟು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲೇ ಕೂತು ಕಾದು ಕೆಳಗಿಳಿದ ದಿನ, ಅಕ್ಕ ಬೇಸತ್ತು ಹೇಳಿಬಿಟ್ಟರು: “ಅಜ್ಜ, ಗಾಡಿ ಮುಗೀತು. ಇನ್ನು ಇದಕ್ಕೆ ದುಡ್ಡು ಸುರೀಬೇಡಿ, ಕೊಟ್ಟುಬಿಡಿ.” ಅಜ್ಜ ಗುಜರಿಗೆ ಕೊಟ್ಟರು.

ಕೆಲವು ತಿಂಗಳ ಬಳಿಕ ಅಂಥದೇ ಇನ್ನೊಂದು ಕಾರು ಅದೇ ರೋಗ ಹೊತ್ತು ಬಂತು. ಏನೂ ತೋಚದೆ ಅರ್ತಿಂಗ್ ವೈರಿನ ಪ್ಲಾಸ್ಟಿಕ್ ಹೊದಿಕೆ ಸೀಳಿದರೆ, ಒಳಗೆ ತಾಮ್ರವೆಲ್ಲ ಹಸಿರು ಕಿಲುಬು. ಉಳಿದಿದ್ದು ನಾಲ್ಕು ಎಳೆ. “ಮೀಟರಿನ ಚೂರು ಕರೆಂಟಿಗೆ ಆ ನಾಲ್ಕು ಎಳೆ ಸಾಕು. ಸೆಲ್ಫ್ ಎಳೆಯೋ ಕರೆಂಟಿಗೆ ಎಲ್ಲಿ ಸಾಕಾಗುತ್ತೆ? ಕೀ ತಿರುಗಿಸ್ತಿರುವಾಗ್ಲೇ ನೋಡ್ಬೇಕಿತ್ತು. ನೋಡ್ಲಿಲ್ಲ ನಾನು.”

ಗುಜರಿಗೆ ಓಡಿದರು. ಅಜ್ಜನ ಕಾರನ್ನು ಆಗಲೇ ಒಡೆದು ತೂಕಕ್ಕೆ ಹಾಕಿಯಾಗಿತ್ತು. ಅದರದೂ ಅದೇ ರೋಗವೆಂದು ಇನ್ನು ಯಾರೂ ತೋರಿಸಲಾರರು. ಆದರೆ ಅಕ್ಕನಿಗೆ ಅನುಮಾನ ಉಳಿದಿರಲಿಲ್ಲ. ಅಲ್ಲಿಂದ ನೇರ ಅಜ್ಜನ ಮನೆ ಬಾಗಿಲಿಗೆ ಹೋಗಿ ಎಲ್ಲ ಹೇಳಿದರು.

“ಹಾಗಾದ್ರೆ ಗಾಡಿ ಚೆನ್ನಾಗಿತ್ತು ಅಂತಾಯ್ತಮ್ಮ,” ಅಂದರಂತೆ ಅಜ್ಜ.

“ಚೆನ್ನಾಗಿತ್ತು ಅಜ್ಜ.”

“ಗುಜರಿಯವ್ರು ಎಳ್ಕೊಂಡು ಹೋಗುವಾಗ ದರಿದ್ರದ್ದು ಅಂತ ಬೈದುಬಿಟ್ಟೆ ಕಣಮ್ಮ.”

ಒಳಗಿನಿಂದ ಅಜ್ಜಿಯ ದನಿ: “ಅವಳನ್ನ ಬಾಗಿಲಲ್ಲೇ ಯಾಕೆ ನಿಲ್ಲಿಸಿದೀರಿ? ಒಳಗೆ ಕರೀರಿ.”

ಈಗ ಭಾನುವಾರ ಅಂಗಡಿಗೆ ರಜೆ. ಅಕ್ಕ ತಮ್ಮ ಸಾಮಾನಿನ ವ್ಯಾನಿನಲ್ಲಿ ಅಜ್ಜಿಯನ್ನು ತಂಗಿಯ ಮನೆಗೆ ಕರೆದೊಯ್ಯುತ್ತಾರೆ. ಹತ್ತಲೆಂದು ಒಂದು ಮಣೆ ಮಾಡಿಸಿದ್ದಾರೆ. ಅಜ್ಜ ಬರುವುದಿಲ್ಲ, ಎರಡೇ ಸೀಟು. ಹೊರಡುವ ಮುಂಚೆ ವ್ಯಾನಿನ ಗಾಜು ಒರೆಸಿ ಕೊಟ್ಟು, ಗೇಟಿನ ಬಳಿ ನಿಲ್ಲುತ್ತಾರೆ. “ಸ್ಟೇರಿಂಗ್ ಹಿಡ್ಕೊಂಡು ಕೂತಾಗ ಅಜ್ಜನ ಮುಖ ನೋಡ್ಬೇಕಿತ್ತು ನೀವು,” ಎನ್ನುತ್ತಾರೆ ಅಕ್ಕ. “ಅದನ್ನ ನಾನು ವಾಪಸ್ ಕೊಡಕ್ಕಾಗಲ್ಲ.”

ಮುಂದೇನು ಆಸೆ ಎಂದು ಕೇಳುತ್ತೇನೆ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಯೋಚಿಸುತ್ತಾರೆ.

“ದೊಡ್ಡದೇನಿಲ್ಲ. ಹುಡುಕಿ ಸಿಗ್ಲಿಲ್ಲ ಅಂದ್ರೆ ಈಗ ‘ನನಗೆ ಗೊತ್ತಾಗ್ಲಿಲ್ಲ’ ಅಂತೀನಿ. ‘ಗಾಡಿ ಮುಗೀತು’ ಅನ್ನೋದು ಬಿಟ್ಟಿದೀನಿ. ಅಷ್ಟು ಕಲ್ತಿದೀನಿ.”