ಬಲಗಡೆಯ ಸರೌಂಡ್ ಸ್ಪೀಕರ್

೨೦೦೯ರಲ್ಲಿ ನಾನು ಜಮಖಂಡಿಯಲ್ಲಿ ಟಿ.ವಿ., ಆಂಪ್ಲಿಫೈಯರ್ ಮತ್ತು ಹೋಂ ಥಿಯೇಟರ್ ಮಾರುವ ಅಂಗಡಿ ನಡೆಸುತ್ತಿದ್ದೆ. ಎಂಟನೇ ತರಗತಿಗೆ ಶಾಲೆ ಬಿಟ್ಟು, ಮುಧೋಳದ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಕೈ ಸುಟ್ಟುಕೊಂಡು ಕೆಲಸ ಕಲಿತವನು ನಾನು. ಮಾರುವವನೂ ನಾನೇ, ಗಿರಾಕಿಯ ಮನೆಗೆ ಹೋಗಿ ಗೋಡೆಗೆ ಸ್ಪೀಕರ್ ಕೂಡಿಸುವವನೂ ನಾನೇ. ಜೊತೆಗೆ ರಫೀಕ್ ಎಂಬ ಫಿಟರ್ ಇದ್ದ. ರೇಟಿನ ಮಾತಿನಲ್ಲಿ ನನ್ನನ್ನು ಬಗ್ಗಿಸಿದವರು ಕಡಿಮೆ. ಬನಹಟ್ಟಿಯ ಶಿವಲಿಂಗಪ್ಪ ಆ ಕಡಿಮೆ ಜನರಲ್ಲಿ ಒಬ್ಬರು.

ಅವರದು ಕೆಳಗೆ ಪವರ್‌ಲೂಮ್ ಶೆಡ್, ಮೇಲೆ ಮನೆ. ಸೀರೆ ನೇಯಿಸುತ್ತಿದ್ದರು. ಹೊಸದಾಗಿ ಕಟ್ಟಿಸಿದ ಹಾಲ್‌ಗೆ ೫.೧ ಸೆಟ್ ಬೇಕೆಂದು ಜಮಖಂಡಿಗೆ ಮೂರು ಸಲ ಬಂದುಹೋದರು. ಮೊದಲ ಸಲ ವೈರ್ ಫುಕಟ್ ಮಾಡಿಸಿಕೊಂಡರು, ಎರಡನೇ ಸಲ ಸ್ಟ್ಯಾಂಡ್. ಮೂರನೇ ಸಲ ರೇಟು ನಿಕ್ಕಿಯಾದ ಮೇಲೂ, ಕೂಡಿಸಿ ತೋರಿಸು, ಆಮೇಲೆ ರೇಟು ಇನ್ನಷ್ಟು ಮುರಿಯುವ ಬಗ್ಗೆ ಮಾತಾಡೋಣ ಎಂದು ಚೌಕಾಶಿಯ ಬಾಗಿಲು ತೆರೆದಿಟ್ಟೇ ಹೋದರು.

೫.೧ ಎಂದರೆ ಐದು ಸ್ಪೀಕರ್, ಜೊತೆಗೆ ಗುಡುಗಿನಂಥ ಸದ್ದಿಗೆ ಒಂದು ಸಬ್‌ವೂಫರ್. ಮುಂದೆ ಎಡ, ನಡು, ಬಲ; ಉಳಿದ ಎರಡು ಸರೌಂಡ್. ಈ ಸರೌಂಡ್ ಸ್ಪೀಕರುಗಳನ್ನು ಬಹಳ ಜನ ಹಿಂದಿನ ಗೋಡೆಯ ಮೂಲೆಗೆ ಹೊಡೆಸುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಕೂರುವ ಜಾಗ ಗೊತ್ತು ಮಾಡಿ. ಕೂತವನ ಎಡಬಲಕ್ಕೆ, ಸ್ವಲ್ಪವೇ ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಎತ್ತರದಲ್ಲಿ ಅವು ಇರಬೇಕು. ಶಿವಲಿಂಗಪ್ಪ ಅವನ್ನು ಹಿರಿಯರ ಫೋಟೊಗಳ ಪಕ್ಕದಲ್ಲಿ ಸೂರಿಗೆ ತಾಗಿಸಿ ಹಾಕು ಎಂದರು. ನಾನು ಒಪ್ಪಲಿಲ್ಲ. ಆ ಒಂದು ಮಾತಿನಲ್ಲಿ ಮಾತ್ರ ನಾನು ಗೆದ್ದೆ.

ಮಗ್ಗದ ಮನೆಯಲ್ಲಿ ಕೆಲಸ ಮಾಡುವುದೆಂದರೆ ಬಾಯಿ ಮುಚ್ಚಿಕೊಂಡು ಮಾಡಬೇಕು. ಕೆಳಗಿನ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿರುತ್ತದೆ. ಅಲ್ಲಿಯ ಜನ ಕೈಸನ್ನೆಯಿಂದಲೇ ಅರ್ಧ ಸಂಸಾರ ನಡೆಸುತ್ತಾರೆ. ಚಹಾ ಬೇಕೇ, ನೂಲು ಬಂತೇ, ಯಾರು ಬಂದಿದ್ದಾರೆ, ಎಲ್ಲವೂ ಬೆರಳಿನಲ್ಲಿ, ತುಟಿಯಲ್ಲಿ. ಶಿವಲಿಂಗಪ್ಪನವರ ಹೆಂಡತಿ ಗೌರವ್ವ ನಮಗೆ ಊಟಕ್ಕೆ ಕರೆದದ್ದೂ ಹಾಗೆಯೇ. ಆದ್ದರಿಂದ ಸ್ಪೀಕರ್ ಪರೀಕ್ಷೆಗೆ ನಾವು ಕರೆಂಟ್ ಹೋಗುವುದನ್ನೇ ಕಾದೆವು. ಮಗ್ಗಗಳು ನಿಂತವು, ಇನ್ವರ್ಟರ್ ಮೇಲೆ ಸೆಟ್ ಹಚ್ಚಿದೆವು.

ಪರೀಕ್ಷೆಗೆ ಆಂಪ್ಲಿಫೈಯರಿನಲ್ಲೇ ಒಂದು ಸದ್ದು ಇರುತ್ತದೆ. ಕುಕ್ಕರ್ ಉಗಿ ಬಿಟ್ಟಂತೆ ಸುಯ್ಯೆನ್ನುತ್ತ ಒಂದೊಂದೇ ಸ್ಪೀಕರಿನಿಂದ ಹೊರಟು ಕೋಣೆಯ ಸುತ್ತ ಬರುತ್ತದೆ. ಕಣ್ಣೆದುರಿಗೇ ಇದ್ದ ಮುಂದಿನ ಮೂರಕ್ಕೂ ಶಿವಲಿಂಗಪ್ಪ ತಲೆಯಾಡಿಸಿದರು. ಬಲಗಡೆಯ ಸರೌಂಡ್ ಬಂದಾಗ ಮುಖ ಗಂಟಾಯಿತು.

"ಬಲಗಡೇದು ಮಾತಾಡವಲ್ತು. ಎಡಗಡೇದ ಎರಡ ಸಲ ಬಂತು. ಹಳೇ ಮಾಲ ಹಚ್ಚೀ ಏನ ಬಸಣ್ಣ?"

ನನಗೂ ರಫೀಕನಿಗೂ ಸದ್ದು ಬಲಗಡೆಯಿಂದಲೇ ಬಂದಿತ್ತು. ರೇಟು ಮುರಿಯುವ ಆಟ ಶುರುವಾಯಿತು ಎಂದುಕೊಂಡೆ. ಇಂಥ ಗಿರಾಕಿಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ವಾದ ಮಾಡದೆ ಎರಡೂ ಸ್ಪೀಕರ್ ಬಿಚ್ಚಿ ಅದಲು ಬದಲು ಮಾಡಿದೆವು. ವೈರನ್ನೂ ಬದಲಿಸಿದೆವು. ಅವರು ಅದೇ ಮಾತು ಹೇಳಿದರು. ಆಟ ಆಡುವವನು ಇಷ್ಟು ಸಿಟ್ಟಾಗುವುದಿಲ್ಲ. ಅವರ ಕಣ್ಣು ಕೆಂಪಾಗಿತ್ತು.

ಆಗ ನನಗೆ ಬೇರೆ ಯೋಚನೆ ಬಂತು. ಸ್ಪೀಕರ್ ಮುಟ್ಟದೆ ಕುರ್ಚಿಯನ್ನೇ ತಿರುಗಿಸಿ, ಟಿ.ವಿ.ಗೆ ಬೆನ್ನು ಮಾಡಿ ಕೂರಿಸಿ, ಕಣ್ಣು ಮುಚ್ಚಿ ಸದ್ದು ಬಂದ ಕಡೆಯ ಕೈ ಎತ್ತಿರಿ ಎಂದೆ. ಬಲಗೋಡೆಯ ಸ್ಪೀಕರ್ ಈಗ ಅವರ ಎಡಕ್ಕಿತ್ತು. ಅದರಿಂದ ಸದ್ದು ಬಂದ ಕೂಡಲೇ ಎಡಗೈ ಎತ್ತಿದರು. ಇಷ್ಟು ಹೊತ್ತು ಛಲೋ ಇದ್ದ ಇನ್ನೊಂದು ಸ್ಪೀಕರ್ ಬಲಕ್ಕೆ ಬಂದಿತ್ತು. ಅದು ಮಾತಾಡಿದಾಗಲೂ ಎಡಗೈಯೇ ಎದ್ದಿತು.

"ಒಂದನ್ನ ರಿಪೇರಿ ಮಾಡಿ ಇನ್ನೊಂದನ್ನ ಕೆಡಿಸಿದಿ ನೋಡ" ಎಂದು ನಕ್ಕರು.

ರಫೀಕ್ ನನ್ನ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಗೌರವ್ವ ನಗಲಿಲ್ಲ.

ಕಾಕಾ, ಸ್ಪೀಕರ್ ಬರೋಬರಿ ಇದೆ, ನಿಮ್ಮ ಬಲಗಿವಿ ತೋರಿಸಿಕೊಳ್ಳಿ ಎಂದು ಮೆತ್ತಗೆ ಹೇಳಿದೆ. ಅವರು ರೇಗಿದರು. ಮಗ್ಗದ ಮನೆಯಲ್ಲಿ ಯಾರಿಗೆ ಸರಿಯಾಗಿ ಕೇಳಿಸುತ್ತದೆ, ತಮ್ಮ ಅಪ್ಪನಿಗೂ ಕೇಳಿಸುತ್ತಿರಲಿಲ್ಲ, ಮಾಲು ಮಾರಲು ಬಂದವನು ಡಾಕ್ಟರ್ ಆಗಬೇಡ ಎಂದರು. ಕೆಲವು ತಿಂಗಳಿಂದ ಮೆಟ್ಟಿಲು ಇಳಿಯುವಾಗ ತೂರಾಡುತ್ತಾರೆ ಎಂದು ಗೌರವ್ವ ಹೇಳಹೋದರೆ ಅವರನ್ನೂ ಗದರಿದರು.

ಬುದ್ಧಿ ಹೇಳಿದರೆ ಕೇಳುವ ಮನುಷ್ಯ ಅಲ್ಲ. ಆದರೆ ಲಾಭದ ಮಾತು ಬಿಡುವ ಮನುಷ್ಯನೂ ಅಲ್ಲ. ನಾನು ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ.

"ಕಾಕಾ, ಪಂದ್ಯ ಕಟ್ಟೂಣು. ಡಾಕ್ಟರ್ ನಿಮ್ಮ ಬಲಗಿವಿ ಛಲೋ ಐತಿ ಅಂದ್ರ ಈ ಪೂರಾ ಸೆಟ್ ನಿಮಗ ಫುಕಟ್."

"ಇಲ್ಲಾಂದ್ರ?"

"ಇಲ್ಲಾಂದ್ರ ಮಾತಾಡಿದ ರೇಟಿನಾಗ ಒಂದ ಪೈಸಾ ಮುರಕೊಳ್ಳೂಹಂಗಿಲ್ಲ."

ಶಿವಲಿಂಗಪ್ಪ ಕೈ ಚಾಚಿದರು. "ಖರೇನ? ಏ ಗೌರಾ, ನೀನ ಸಾಕ್ಷಿ. ಬಸಣ್ಣ ಇವತ್ತ ಮುಳುಗಿದ."

ಅದೇ ವಾರ ಮಿರಜದ ಆಸ್ಪತ್ರೆಗೆ ಹೋದೆವು. ಪಂದ್ಯ ಕಟ್ಟಿದವನು ಎಂಬ ನೆಪದಲ್ಲಿ ನಾನೂ ಹೋದೆ. ಕಿವಿಯ ಪರೀಕ್ಷೆ ಆಯಿತು. ಮಗ್ಗದ ಸದ್ದು ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಒಂದೇ ಸಮನೆ ತಿನ್ನುತ್ತದೆ, ಇವರದು ಎಡಗಿವಿ ಮಗ್ಗದವರ ಕಿವಿಯಂತೆಯೇ ಇದೆ, ಆದರೆ ಬಲಗಿವಿ ಪೂರ್ತಿ ಹೋಗಿದೆ, ಇದನ್ನು ಮಗ್ಗದ ತಲೆಗೆ ಕಟ್ಟಿ ಸುಮ್ಮನಾಗುವ ಹಾಗಿಲ್ಲ ಎಂದರು ಡಾಕ್ಟರ್. ಸ್ಕ್ಯಾನ್ ಮಾಡಿಸಿದರು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ಆದರೆ ದೊಡ್ಡದಾಗಿ ಮಿದುಳಿನ ಬುಡವನ್ನೇ ಒತ್ತುತ್ತಿತ್ತು. ಸಣ್ಣದಿದ್ದಾಗ ಬಂದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಎಂದರು.

ಹೊರಗೆ ಬೆಂಚಿನ ಮೇಲೆ ಗೌರವ್ವ ನನಗಲ್ಲ, ಎದುರಿನ ಗೋಡೆಗೆ ಹೇಳುವಂತೆ ಹೇಳಿದರು: "ಎರಡ ವರ್ಷ ಆತು, ನಾ ಅವರ ಎಡಕ್ಕ ಕುಂಡ್ರಾಕತ್ತಿ. ಬಲಕ್ಕ ಕುಂತು ಮಾತಾಡಿದ್ರ ಹೂಂ ಅಂತಿರಲಿಲ್ಲ. ಸಿಟ್ಟ ಆಗ್ಯಾರ ಅಂತ ತಿಳಕೊಂಡಿದ್ದೆ."

ಆ ಮನೆಯಲ್ಲಿ ಎಲ್ಲರೂ ತುಟಿ ನೋಡಿ, ಕೈ ನೋಡಿ ಮಾತು ತಿಳಿಯುತ್ತಿದ್ದರು. ಒಬ್ಬನ ಕಿವಿ ಸತ್ತದ್ದು ಅಲ್ಲಿ ಯಾರಿಗೆ ಗೊತ್ತಾಗಬೇಕು? ಅವರಿಗೇ ಗೊತ್ತಾಗಿರಲಿಲ್ಲ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಶಿವಲಿಂಗಪ್ಪ ನನ್ನ ಭುಜ ಹಿಡಿದುಕೊಂಡು ಅಂದರು: "ಗೆದ್ದಿ ಬಿಡ. ಪೂರಾ ರೇಟು ನಿನ್ನದು." ಆ ಗೆಲುವು ನನಗೆ ಬೇಡವಾಗಿತ್ತು.

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ತೆಗೆಯಲು ಆಗಲಿಲ್ಲ. ಮುಖದ ಬಲ ಅರ್ಧ ಜೋತುಬಿತ್ತು, ಆ ಕಡೆಯ ಕಣ್ಣು ಮುಚ್ಚದಂತಾಯಿತು. ನಡೆದರೆ ಗೋಡೆ ಹಿಡಿಯಬೇಕು. ಸಾಲು ಮಗ್ಗಗಳ ನಡುವೆ ತೂರಾಡುವವನನ್ನು ಬಿಡುವುದು ಹೇಗೆ? ಅವರನ್ನು ಶೆಡ್ಡಿನ ಬಾಗಿಲಲ್ಲೇ ತಡೆಯುತ್ತಿದ್ದರಂತೆ. ಆಮೇಲೆ ಮಂಚ ಹಿಡಿದರು.

ಮುಂದಿನ ವರ್ಷ ಗೌರವ್ವ ಹೇಳಿಕಳಿಸಿದರು. ಮಲಗಿದಲ್ಲಿಯೇ ಅವರಿಗೆ ಟಿ.ವಿ. ಮಾತು ಕೇಳಿಸುವಂತೆ ಮಾಡಿಕೊಡಬೇಕಿತ್ತು. ಇಂಥ ಸೆಟ್‌ಗಳಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರಿನಲ್ಲಿ. ಒಂದೇ ಕಿವಿ ಇದ್ದವನಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲವಾದ್ದರಿಂದ ಉಳಿದವುಗಳಿಂದ ಉಪಯೋಗವಿರಲಿಲ್ಲ. ನಡುವಿನದನ್ನು ಬಿಚ್ಚಿ ತಂದು ಮಂಚದ ಎಡಕ್ಕೆ ಸ್ಟೂಲಿನ ಮೇಲಿಟ್ಟೆ. ಉಳಿದ ನಾಲ್ಕರ ವೈರ್ ತೆಗೆದೆ. ಮುಚ್ಚದ ಬಲಗಣ್ಣಿಗೆ ಪಟ್ಟಿ ಹಚ್ಚಿದ್ದರು; ಅವರು ಇನ್ನೊಂದು ಕಣ್ಣಿನಿಂದ ಎಲ್ಲವನ್ನೂ ನೋಡುತ್ತಿದ್ದರು. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

"ಒಂದರಾಗ ಮುಗೀತಿತ್ತಲ್ಲೋ. ಐದ್ಯಾಕ ಮಾರಿದಿ?"

ಬಿಚ್ಚಿದ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿದೆ. ಆ ವರ್ಷದ ಚಳಿಗಾಲ ಕಳೆಯುವುದರೊಳಗೆ ಅವರು ತೀರಿಕೊಂಡರು.

ಅಂದಿನಿಂದ ಎಲ್ಲೇ ಸರೌಂಡ್ ಕೂಡಿಸಲಿ, ರಬಕವಿ ಇರಲಿ, ಬೀಳಗಿ ಇರಲಿ, ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಸದ್ದು ಬಂದ ಕಡೆ ಕೈ ತೋರಿಸಿ ಎನ್ನುತ್ತೇನೆ. ಐದು ನಿಮಿಷದ ಕೆಲಸ. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ತಪ್ಪು ಕಡೆ ತೋರಿಸಿದವರನ್ನು ಡಾಕ್ಟರ್ ಹತ್ತಿರ ಕಳಿಸಿದ್ದೇನೆ. ಒಬ್ಬ ಬರೀ ಕಿವಿಯ ಮೇಣ ತೆಗೆಸಿಕೊಂಡು ಬಂದು, ಸುಮ್ಮನೆ ಹೆದರಿಸಿದೆ ಎಂದು ಅಂಗಡಿಯ ಮುಂದೆ ನಿಂತು ಬೈದ. ಕೂರಿಸಿ ಚಹಾ ಕುಡಿಸಿದೆ. ವ್ಯಾಪಾರ ಮಾಡುವವರಿಗೆ ನನ್ನದು ಇದೊಂದು ಮಾತು: ಗಿರಾಕಿ ತಕರಾರು ತೆಗೆದ ಕೂಡಲೇ ರೇಟು ಮುರಿಯಲು ಬಂದ ಎಂದು ತೀರ್ಮಾನಿಸಬೇಡಿ. ಶಿವಲಿಂಗಪ್ಪ ಅವತ್ತು ಸುಳ್ಳು ಹೇಳಿರಲಿಲ್ಲ. ತಮಗೆ ಕೇಳಿಸಿದ್ದನ್ನೇ ಹೇಳಿದ್ದರು.