ಗಯ್ಯಾಳಿ ನಾಯಕಿಯ ಪಕ್ಷದವರು
ನಮ್ಮ ಆಸ್ಪತ್ರೆ ಕ್ಯಾಂಟೀನಿನ ಹಿರಿಯ ಅಡುಗೆಯವರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಒಗ್ಗರಣೆ ಅಕ್ಕ. ಬೆಳಿಗ್ಗೆ ಬಂದವರೇ ಸಿಡಿಯಲು ಶುರು. ಈರುಳ್ಳಿ ದಪ್ಪ ಹೆಚ್ಚಿದರೆ "ಇದೇನು, ಸೌದೆ ಸೀಳಿದ್ದೀಯಾ?" ಎನ್ನುತ್ತಾರೆ, ಸೌಟು ಕೈಜಾರಿದರೆ ನಮ್ಮ ಮೂರು ತಲೆಮಾರನ್ನು ಜಾಲಾಡುತ್ತಾರೆ. ಕಳೆದ ವಾರ ನಾವೆಲ್ಲ ಅಡುಗೆಯ ಮೇಲೆ ತೆಗೆದ ಒಂದು ಸಿನಿಮಾಗೆ ಹೋಗಿದ್ದೆವು. ಅದರಲ್ಲಿ ಇಬ್ಬರು ನಾಯಕಿಯರು, ಒಂದೇ ಹೋಟೆಲು ನಡೆಸುವ ಅಕ್ಕತಂಗಿಯರು. ತಂಗಿ ನಗುನಗುತ್ತಾ ಬಡಿಸುತ್ತಾಳೆ, ಒಲೆ ಮುಂದೆ ನಿಂತರೂ ಬೆವರುವುದಿಲ್ಲ. ಅಕ್ಕ ಒಳಗಿದ್ದು ಎಲ್ಲರ ಮೇಲೂ ಹರಿಹಾಯುತ್ತಾಳೆ. ತಂಗಿ ಬಂದಾಗಲೆಲ್ಲ ನಾವು ಶಿಳ್ಳೆ ಹಾಕಿದೆವು. ಅಕ್ಕನಿಗೆ ಚಪ್ಪಾಳೆ ತಟ್ಟಿದ್ದು ಇಡೀ ಥಿಯೇಟರಿನಲ್ಲಿ ನಮ್ಮ ಒಗ್ಗರಣೆ ಅಕ್ಕ ಒಬ್ಬರೇ. "ಆ ಗಯ್ಯಾಳೀಲಿ ಏನು ಕಂಡ್ರಿ ಅಕ್ಕಾ?" ಎಂದು ಹೊರಬರುವಾಗ ಕೇಳಿದೆ. "ಎಲ್ಲರ ಊಟ ಆದ್ಮೇಲೆ ಪಾತ್ರೆ ತಳ ಕೆರೆದು ನಿಂತೇ ತಿಂದ್ಳಲ್ಲ, ನೋಡ್ಲಿಲ್ವಾ? ಅವಳಿಗೆ ಬಡಿಸೋರು ಯಾರಿದ್ರು?" ಎಂದರು. ನಾನು ನೋಡಿರಲಿಲ್ಲ. ಎಂಟು ವರ್ಷ ಜೊತೆಗೆ ದುಡಿದರೂ ಇವರು ಕೂತು ಉಂಡದ್ದನ್ನೂ ನೋಡಿರಲಿಲ್ಲ. ಮರುದಿನ ಮಧ್ಯಾಹ್ನ ಸ್ಟೂಲು ಎಳೆದು ಕೂರಿಸಿ, ತಟ್ಟೆಗೆ ಬಡಿಸಿ ಮುಂದಿಟ್ಟೆ. "ಯಾರು ಮಾಡಿದ್ದಿದು, ಉಪ್ಪೇ ಇಲ್ಲ!" ಎಂದು ಗದರಿದರು. ಮಾಡಿದ್ದು ಅವರೇ. ಗದರುತ್ತಲೇ ಉಂಡು, ಇನ್ನೊಂದು ಸೌಟು ಹಾಕು ಅಂತ ತಟ್ಟೆ ಮುಂದೆ ಹಿಡಿದರು.