ಪಂಚಮಿಯ ದಿನ ಬಂದ ಪತಂಗ

ಥಾಣೆಯ ಘೋಡಬಂದರ್ ರಸ್ತೆಯ ನಮ್ಮ ಬಿಲ್ಡಿಂಗಿನ ಹಿಂದೆ ಆಗಿನ್ನೂ ಗುಡ್ಡಕ್ಕೆ ಅಡ್ಡವಾಗಿ ಟವರ್‌ಗಳು ಎದ್ದಿರಲಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಬಾಗಿಲು ತೆರೆದರೆ ಪ್ಯಾಸೇಜಿನ ಗೋಡೆಯ ತುಂಬ ಪತಂಗಗಳು. ಅವನ್ನು ಗುರುತಿಸುವುದು ನನ್ನ ಹುಚ್ಚು. ರೆಕ್ಕೆಯ ಅಂಚು ಹೇಗಿದೆ, ಮೈಮೇಲೆ ರೋಮ ಎಷ್ಟಿದೆ, ಮೀಸೆ ದಾರದ ಹಾಗಿದೆಯೋ ಗರಿಯ ಹಾಗೋ ಎಂದು ಬಗ್ಗಿ ನೋಡುತ್ತ ನಿಂತರೆ ಒಳಗೆ ಗ್ಯಾಸಿನ ಮೇಲೆ ಹಾಲು ಉಕ್ಕಿರುತ್ತಿತ್ತು.

"ಹೆಣ್ಣು ನೋಡ್ಲಿಕ್ಕೆ ಬಂದವರೂ ಇಷ್ಟು ನೋಡುದಿಲ್ಲ ಮಾರಾಯ್ತಿ," ಎಂದು ಅಮ್ಮ ಗೇಲಿ ಮಾಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ನಮ್ಮ ಜೊತೆಗೇ ಇದ್ದಳು.

ಆ ವರ್ಷ ಅವಳಿಗೆ ಮಂಡಿನೋವು. ನಾಗರ ಪಂಚಮಿಗೆ ಊರಿನ ನಾಗಬನಕ್ಕೆ ಹೋಗಿ ಹಾಲೆರೆಯಲು ಆಗಲಿಲ್ಲ. ಮದುವೆಯಾಗಿ ವರ್ಷಗಳು ಕಳೆದರೂ ನನಗೆ ಮಕ್ಕಳಾಗಿರಲಿಲ್ಲ. ಅದಕ್ಕೆ ನಾಗನ ಮುನಿಸೇ ಕಾರಣವೆಂದು ಅವಳ ನಂಬಿಕೆ. ಊಟಕ್ಕೆ ಕೂತಾಗ ಆ ಮಾತು ಬಂತೆಂದರೆ ನಾನು ಎದ್ದು ಕೈತೊಳೆದುಬಿಡುತ್ತಿದ್ದೆ.

ಪಂಚಮಿಯ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಗ್ರಿಲ್ ಮೇಲೆ ಎರಡು ಅಂಗೈ ಅಗಲದ ಪತಂಗವೊಂದು ಕೂತಿತ್ತು. ಇಟ್ಟಿಗೆ ಬಣ್ಣದ ರೆಕ್ಕೆ, ನಡುವೆ ಗಾಜಿನಂಥ ಮುಕ್ಕೋನದ ಕಿಂಡಿಗಳು, ದಪ್ಪ ಹೊಟ್ಟೆ, ಸಪೂರ ಗರಿಮೀಸೆ. ಅಟ್ಲಾಸ್ ಪತಂಗ, ಅದೂ ಹೆಣ್ಣು! ನಾನು ಕುಣಿಯುವುದೊಂದೇ ಬಾಕಿ. ಅಮ್ಮ ನೋಡಿದ್ದು ರೆಕ್ಕೆಯ ತುದಿಯನ್ನು ಮಾತ್ರ. ಅಲ್ಲಿ ಕಣ್ಣಿನ ಸಮೇತ ಹಾವಿನ ಹೆಡೆ ಬರೆದಂತಿತ್ತು.

"ನಂಗೆ ಹೋಗ್ಲಿಕ್ಕೆ ಆಗ್ಲಿಲ್ಲ ಅಂತ ಅವನೇ ಬಂದ," ಎಂದವಳೇ ಬಟ್ಟಲಲ್ಲಿ ಹಾಲು ತಂದಿಟ್ಟು, ಕೈಮುಗಿದು ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಲೇ ಇತ್ತು.

ನನಗೆ ಮೈಯೆಲ್ಲ ಉರಿಯಿತು. "ಅದು ಪತಂಗ ಅಮ್ಮ. ಅದಕ್ಕೆ ಹಾಲು ಕುಡೀಲಿಕ್ಕೆ ಬಾಯೇ ಇಲ್ಲ. ಮೊಟ್ಟೆ ಇಟ್ಟು ಸಾಯ್ತದೆ, ಅಷ್ಟೆ. ಅದರ ಹತ್ರ ನಂಗೆ ಮಗು ಕೇಳ್ತಿಯಾ?"

ಅಮ್ಮ ಕಣ್ಣು ತೆರೆದಳು. "ಮಗು ಕೇಳ್ಲಿಲ್ಲ. ಇನ್ನು ನಾನು ಆ ವಿಷಯ ಎತ್ತದ ಹಾಗೆ ಬುದ್ಧಿ ಕೊಡಪ್ಪ ಅಂತ ಕೇಳಿದೆ. ನೀನು ಅರ್ಧ ಊಟದಲ್ಲಿ ಏಳುದು ನಂಗೆ ನೋಡ್ಲಿಕ್ಕೆ ಆಗುದಿಲ್ಲ."

ಬಟ್ಟಲಿನ ಹಾಲು ಸಂಜೆಯವರೆಗೂ ಅಲ್ಲೇ ಇತ್ತು.

ಅಮ್ಮ ಈಗಿಲ್ಲ. ಬದುಕಿದ್ದಷ್ಟು ದಿನ ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮನೆಗೆ ಬಂದ ನೆಂಟರು ಕೆದಕಿದರೆ, "ಅವಳಿಗೆ ಪುರುಸೊತ್ತು ಎಲ್ಲುಂಟು? ಹೊರಗೆ ಹೋಗಿ ನೋಡಿ, ಗೋಡೆ ತುಂಬ ಅವಳ ಮಕ್ಕಳೇ," ಎಂದು ನಗಿಸಿ ಕಳಿಸುತ್ತಿದ್ದಳು.